ತೊಗಲಿನ ಮೇಲ್ಮೈಯಲ್ಲಿ ತಾಪದ ಗುರುತು: ಶೋಧಕ ಸೂಕ್ಷ್ಮದರ್ಶಕದ ಮೂಲಕ ಸ್ಥಳೀಯ ಉಷ್ಣ ವಿಶ್ಲೇಷಣೆ

ತೊಗಲುಗೊಂಬೆಯಾಟವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಕಥನ, ಪ್ರದರ್ಶನ ಹಾಗೂ ಸಮುದಾಯ ಎಂಬ ಮೂರು ನೆಲೆಗಳಲ್ಲಿ ಸಾಗಿಬಂದಿವೆ. ಎಂ.ಎಸ್. ನಂಜುಂಡರಾವ್ ಅವರಂತಹ ಕಲಾವಿದ-ಸಂಗ್ರಾಹಕರ ಶ್ರಮದಿಂದಾಗಿ ಗೊಂಬೆಗಳ ಚಿತ್ರಶೈಲಿಯ ಬಗೆಗೂ ಗಂಭೀರವಾದ ಚಿಂತನೆ ನಡೆದಿದೆ. ಆದರೆ ಗೊಂಬೆ ಯಾವ ವಸ್ತುವಿನಿಂದ ಆಗಿದೆಯೋ ಆ ತೊಗಲಿನ ಬಗೆಗೆ ಮಾತ್ರ ನಾವು ಒಂದೆರಡು ವಾಕ್ಯಗಳನ್ನು ಬರೆದು ಮುಂದೆ ಸಾಗುತ್ತೇವೆ. ಈ ಮಾತಿಗೆ ನನ್ನ ಮಹಾಪ್ರಬಂಧವೂ ಹೊರತಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಕಿಳ್ಳೇಕ್ಯಾತ ಕುಟುಂಬದ ಬಿದಿರಿನ ಪೆಟ್ಟಿಗೆಯಲ್ಲಿದ್ದ ಹಳೆಯ ರಾವಣನ ಗೊಂಬೆಯನ್ನು ದಾಖಲಿಸುವ ಸಂದರ್ಭ ಒದಗಿತು. ಭುಜದ ಬಳಿ ತೊಗಲು ಸೀಳಿತ್ತು. ಕಿರೀಟದ ಅಂಚು ಒಣಗಿದ ಎಲೆಯಂತೆ ಮುರಿಯುತ್ತಿತ್ತು. ಆದರೆ ಕಾಲಿನ ಭಾಗ ಇನ್ನೂ ಬಾಗಿ ಬಳುಕುತ್ತಿತ್ತು. ಸಂರಕ್ಷಣೆಯ ಸಲಹೆಗಾಗಿ ಸಂಪರ್ಕಿಸಿದ ಪ್ರಯೋಗಾಲಯವೊಂದು ತೊಗಲಿನ ಸ್ಥಿತಿಯನ್ನು ಅರಿಯಲು ಮೂರು ಕಡೆಗಳಿಂದ ತುಣುಕುಗಳನ್ನು ಕತ್ತರಿಸಿ ಕಳುಹಿಸುವಂತೆ ಕೇಳಿತು. ಕುಟುಂಬದ ಹಿರಿಯರು ಒಪ್ಪಲಿಲ್ಲ. ಕಣ್ಣು ಬರೆದಾದ ಮೇಲೆ ಅದು ಬರಿಯ ಚರ್ಮವಲ್ಲ, ಅದರ ಮೈಗೆ ಕತ್ತರಿ ತಾಗಿಸಲಾಗದು ಎಂಬುದು ಅವರ ನಿಲುವು. ಪ್ರಯೋಗಾಲಯದ ಬೇಡಿಕೆಯೂ ಅನ್ಯಾಯದ್ದಾಗಿರಲಿಲ್ಲ; ಹಿರಿಯರ ನಿರಾಕರಣೆಯೂ ಕೇವಲ ನಂಬಿಕೆಯದಾಗಿರಲಿಲ್ಲ. ಮೂರು ಕಡೆ ಕತ್ತರಿಸಿದರೂ ನಾಲ್ಕನೆಯ ಕಡೆಯ ಸ್ಥಿತಿ ತಿಳಿಯದು ಎಂಬುದು ಅವರ ಬೆರಳುಗಳಿಗೆ ಗೊತ್ತಿತ್ತು. ಕತ್ತರಿಸದೆ, ಬಿಂದುಬಿಂದುವಾಗಿ ತೊಗಲಿನ ಸ್ಥಿತಿಯನ್ನು ಕೇಳಿ ತಿಳಿಯುವ ಉಪಾಯವೇನಾದರೂ ಇದೆಯೇ ಎಂಬ ಪ್ರಶ್ನೆ ನನ್ನನ್ನು ಜಾನಪದ ಕ್ಷೇತ್ರದಿಂದ ಬಹುದೂರದ ವಿಷಯವೊಂದಕ್ಕೆ ಕರೆದೊಯ್ದಿತು. ಶೋಧಕ ಸೂಕ್ಷ್ಮದರ್ಶಕದ ನೆರವಿನಿಂದ ನಡೆಸುವ ಸ್ಥಳೀಯ ಉಷ್ಣ ವಿಶ್ಲೇಷಣೆಯೇ ಆ ವಿಷಯ. ಭೌತವಿಜ್ಞಾನಿಯಲ್ಲದವನೊಬ್ಬ ಅದನ್ನು ಅರ್ಥಮಾಡಿಕೊಂಡ ಬಗೆಯನ್ನು, ಯುರೋಪಿನ ಚರ್ಮಪತ್ರಗಳ ಅಧ್ಯಯನವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು, ಪ್ರಸ್ತುತ ಲೇಖನದಲ್ಲಿ ನಿರೂಪಿಸಲು ಪ್ರಯತ್ನಿಸಲಾಗಿದೆ.

ತೊಗಲು ಮತ್ತು ತಾಪ

ಪ್ರಾಣಿಚರ್ಮದ ಮುಖ್ಯ ಘಟಕ ಕೊಲ್ಯಾಜನ್ ಎಂಬ ಪ್ರೋಟೀನು. ಮೂರು ಸರಪಳಿಗಳು ಒಂದನ್ನೊಂದು ಸುತ್ತಿಕೊಂಡು ಮೂರೆಳೆಯ ಹುರಿಯಂತೆ ಆಗಿರುವುದು ಇದರ ರಚನೆಯ ವೈಶಿಷ್ಟ್ಯ. ಈ ಮೂರೆಳೆಯ ಮಾದರಿಯನ್ನು 1954ರಲ್ಲಿ ಮದರಾಸು ವಿಶ್ವವಿದ್ಯಾಲಯದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಅವರು ಮುಂದಿಟ್ಟರೆಂಬುದು ಇಲ್ಲಿ ಸ್ಮರಣೀಯ. ರಾಮಚಂದ್ರನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಇಂತಹ ಅಸಂಖ್ಯ ಹುರಿಗಳು ಒಂದರ ಪಕ್ಕ ಒಂದು ಕ್ರಮಬದ್ಧವಾಗಿ ಜೋಡಣೆಗೊಂಡು ತಂತುಕಗಳಾಗುತ್ತವೆ. ತಂತುಕಗಳು ಸೇರಿ ಎಳೆಗಳಾಗುತ್ತವೆ. ಎಳೆಗಳು ಹೆಣೆದುಕೊಂಡು ತೊಗಲಾಗುತ್ತದೆ. ಆರೋಗ್ಯವಂತ ತಂತುಕವನ್ನು ಸೂಕ್ಷ್ಮವಾಗಿ ಪರಿಶೀಲಿಸಿದರೆ ಅದರ ಉದ್ದಕ್ಕೂ ಸುಮಾರು 67 ನ್ಯಾನೊಮೀಟರ್ ಅಂತರದಲ್ಲಿ ಪಟ್ಟಿಗಳು ಕಾಣುತ್ತವೆ.

ಈ ಹುರಿ ಬಿಚ್ಚಿಕೊಂಡರೆ ಕೊಲ್ಯಾಜನ್ ಜೆಲಾಟಿನ್ ಆಗುತ್ತದೆ. ಮೂಳೆ, ಚರ್ಮಗಳನ್ನು ಕುದಿಸಿ ವಜ್ರ ಅಥವಾ ಸರೇಸು ಎನ್ನುವ ಅಂಟನ್ನು ಇಳಿಸುವವರಿಗೆ ಈ ಪರಿವರ್ತನೆ ಸಾವಿರಾರು ವರ್ಷಗಳಿಂದ ತಿಳಿದೇ ಇದೆ. ನೀರಿನಲ್ಲಿ ನೆನೆದ ತೊಗಲನ್ನು ನಿಧಾನವಾಗಿ ಕಾಯಿಸುತ್ತ ಹೋದರೆ ಒಂದು ಹಂತದಲ್ಲಿ ಅದು ತಟ್ಟನೆ ಮುದುಡುತ್ತದೆ. ಆ ತಾಪಮಾನಕ್ಕೆ ಕುಗ್ಗುವ ತಾಪಮಾನ ಎಂದು ಹೆಸರು. ಹದಮಾಡದ ಹೊಸ ಚರ್ಮಪತ್ರಕ್ಕೆ ಇದು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಸಸ್ಯಮೂಲದ ಒಗರಿನಿಂದ ಹದಗೊಳಿಸಿದ ಚರ್ಮಕ್ಕೆ ಇನ್ನೂ ಮೇಲೆ. ಕ್ರೋಮ್ ಹದದ ಚರ್ಮಕ್ಕೆ ಕುದಿಯುವ ನೀರಿನ ಮಟ್ಟ ಅಥವಾ ಅದಕ್ಕೂ ಮೇಲೆ. ಜೀರ್ಣವಾದ ಚರ್ಮಪತ್ರದಲ್ಲಿ ಇದು 40 ಡಿಗ್ರಿಗಿಂತ ಕೆಳಗೆ ಇಳಿದಿರಬಹುದು. ಹಾಗಾಗಿ ಕುಗ್ಗುವ ತಾಪಮಾನವು ತೊಗಲಿನ ಆರೋಗ್ಯದ ಅಳತೆಗೋಲಾಗಿ ಬಳಕೆಗೆ ಬಂದಿದೆ. ಕಾಚಿನ ಗುಂಡಿಯಲ್ಲಿ ನೀರು ಹಾಕಿ, ಅದರಲ್ಲಿ ಕೆಲವೇ ಎಳೆಗಳನ್ನಿಟ್ಟು, ನಿಮಿಷಕ್ಕೆ 2 ಡಿಗ್ರಿಯಂತೆ ಕಾಯಿಸುತ್ತ, ಸೂಕ್ಷ್ಮದರ್ಶಕದಲ್ಲಿ ಅವು ಮುದುಡುವುದನ್ನು ಕಣ್ಣಾರೆ ನೋಡುವ ವಿಧಾನವನ್ನು ಡೆನ್ಮಾರ್ಕಿನ ರೆನೆ ಲಾರ್ಸೆನ್ ಮತ್ತು ಅವರ ಸಹೋದ್ಯೋಗಿಗಳು ರೂಢಿಗೆ ತಂದರು. ಇದು ಸರಳವೂ ವಿಶ್ವಾಸಾರ್ಹವೂ ಆದ ವಿಧಾನ.

ಇದರ ಮಿತಿಯನ್ನು ಮಾತ್ರ ಗಮನಿಸಬೇಕು. ಎಳೆಗಳನ್ನು ಕೀಳಲೇಬೇಕು, ನೆನೆಸಲೇಬೇಕು. ಕಿತ್ತ ಎಳೆ ಎಲ್ಲಿಯದು, ಅದರ ಪಕ್ಕದ ಎಳೆ ಹೇಗಿತ್ತು ಎಂಬ ಮಾಹಿತಿ ಕೀಳುವ ಕ್ಷಣದಲ್ಲೇ ಕಳೆದುಹೋಗುತ್ತದೆ. ಶಾಖ ಹೀರಿಕೆಯನ್ನು ಅಳೆಯುವ ರೂಢಿಯ ಉಷ್ಣಮಾಪಕಗಳಿಗೆ ಹಲವು ಮಿಲಿಗ್ರಾಂ ವಸ್ತು ಬೇಕು. ಅವು ಕೊಡುವುದು ಆ ಇಡೀ ತುಣುಕಿನ ಸರಾಸರಿಯನ್ನು. ಆದರೆ ಹಾಳಾಗುವಿಕೆ ಎಂದೂ ಸರಾಸರಿಯಲ್ಲಿ ನಡೆಯುವುದಿಲ್ಲ. ಅದು ಒಂದು ಅಂಚಿನಲ್ಲಿ, ಒಂದು ಮಡಿಕೆಯಲ್ಲಿ, ಬಣ್ಣ ತಾಗಿದ ಒಂದು ಗೆರೆಯಲ್ಲಿ ಆರಂಭವಾಗುತ್ತದೆ.

ಮೊನೆಯೇ ಒಲೆಯಾದ ಬಗೆ

1981ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್ ಅವರು ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕವನ್ನು ರೂಪಿಸಿದರು; 1986ರ ಭೌತವಿಜ್ಞಾನದ ನೊಬೆಲ್ ಪುರಸ್ಕಾರದಲ್ಲಿ ಅವರಿಗೆ ಪಾಲು ದೊರೆಯಿತು. ಅದೇ 1986ರಲ್ಲಿ ಬಿನ್ನಿಗ್, ಕ್ವೇಟ್ ಮತ್ತು ಗರ್ಬರ್ ಅವರು ಪರಮಾಣು ಬಲ ಸೂಕ್ಷ್ಮದರ್ಶಕವನ್ನು ಪ್ರಕಟಿಸಿದರು. ಸೂಕ್ಷ್ಮದರ್ಶಕ ಎಂಬ ಹೆಸರಿದ್ದರೂ ಇದು ನೋಡುವ ಸಾಧನವಲ್ಲ, ಮುಟ್ಟುವ ಸಾಧನ. ಬಳುಕುವ ಒಂದು ಸಣ್ಣ ತೋಳಿನ ತುದಿಯಲ್ಲಿ ಅತಿ ಚೂಪಾದ ಮೊನೆ ಇರುತ್ತದೆ. ಮೊನೆಯು ವಸ್ತುವಿನ ಮೇಲ್ಮೈಯನ್ನು ಸಾಲುಸಾಲಾಗಿ ಸವರುತ್ತ ಸಾಗುವಾಗ ತೋಳು ಏರಿಳಿಯುತ್ತದೆ. ತೋಳಿನ ಬೆನ್ನಿಗೆ ಬಿದ್ದು ಪುಟಿಯುವ ಲೇಸರ್ ಕಿರಣದ ಅಲುಗಾಟದಿಂದ ಆ ಏರಿಳಿತವನ್ನು ಅಳೆದು ಮೇಲ್ಮೈಯ ನಕ್ಷೆಯನ್ನು ರಚಿಸಲಾಗುತ್ತದೆ.

ಮುಟ್ಟುವ ಬೆರಳಿಗೆ ಉಬ್ಬುತಗ್ಗಿನೊಂದಿಗೆ ಬಿಸಿ-ತಣ್ಣಗಿನ ಅರಿವೂ ಇರುವಂತೆ ಮೊನೆಗೂ ಅದನ್ನು ಕೊಡಬಾರದೇಕೆ ಎಂಬ ಯೋಚನೆ ಬಹುಬೇಗ ಹುಟ್ಟಿತು. 1986ರಲ್ಲೇ ವಿಲಿಯಮ್ಸ್ ಮತ್ತು ವಿಕ್ರಮಸಿಂಘೆ ಅವರು ತುದಿಯಲ್ಲಿ ಉಷ್ಣಯುಗ್ಮವಿರುವ ಮೊನೆಯೊಂದನ್ನು ವರದಿ ಮಾಡಿದರು. ಮುಂದಿನ ಮುಖ್ಯ ಹೆಜ್ಜೆ 1990ರ ದಶಕದ ಮಧ್ಯಭಾಗದ್ದು. ಅಲ್ಲಿ ಬಳಕೆಯಾದ ತಂತಿಗೆ ಒಂದು ಹಳೆಯ ಕತೆಯಿದೆ. ಇಂಗ್ಲೆಂಡಿನ ವಿಲಿಯಂ ಹೈಡ್ ವೊಲಾಸ್ಟನ್ ಎಂಬ ವಿಜ್ಞಾನಿ 1813ರಲ್ಲಿ ಅತಿ ತೆಳು ಪ್ಲಾಟಿನಂ ತಂತಿಯನ್ನು ತಯಾರಿಸುವ ಉಪಾಯವನ್ನು ಪ್ರಕಟಿಸಿದ್ದ. ಪ್ಲಾಟಿನಂ ತಂತಿಗೆ ಬೆಳ್ಳಿಯ ಕವಚ ತೊಡಿಸಿ, ಎರಡನ್ನೂ ಒಟ್ಟಿಗೇ ಅಚ್ಚಿನ ರಂಧ್ರಗಳ ಮೂಲಕ ಎಳೆಯುತ್ತ ಹೋಗಿ, ಕೊನೆಗೆ ಬೆಳ್ಳಿಯನ್ನು ಆಮ್ಲದಲ್ಲಿ ಕರಗಿಸಿದರೆ ಒಳಗಿನ ಎಳೆ ಉಳಿಯುತ್ತದೆ. ನಮ್ಮ ಜರಿ ಎಳೆಯುವ ಕುಶಲಕರ್ಮಿಗಳಿಗೆ ಈ ಉಪಾಯದ ಬಹುಭಾಗ ಅಪರಿಚಿತವೆನಿಸಲಾರದು. ಉಷ್ಣ ಮೊನೆಗೆ ಬಳಸಿದ ವೊಲಾಸ್ಟನ್ ತಂತಿಯ ಹೊರವ್ಯಾಸ 75 ಮೈಕ್ರೋಮೀಟರ್. ಒಳಗಿನ ಪ್ಲಾಟಿನಂ-ರೋಡಿಯಂ ಎಳೆಯದು ಕೇವಲ 5 ಮೈಕ್ರೋಮೀಟರ್. ತಂತಿಯನ್ನು ಚೂಪಾಗಿ ಬಾಗಿಸಿ, ಬಾಗಿದ ತುದಿಯಲ್ಲಿ ಮಾತ್ರ ಬೆಳ್ಳಿಯನ್ನು ತೆಗೆದಾಗ, ವಿದ್ಯುತ್ ಹರಿಸಿದರೆ ಬಿಸಿಯಾಗುವ, ಬಿಸಿಯಾದಂತೆ ವಿದ್ಯುತ್ ರೋಧ ಹೆಚ್ಚುವ ಪುಟ್ಟ ಕುಣಿಕೆಯೊಂದು ದೊರೆಯುತ್ತದೆ. ಅಂದರೆ ಅದೇ ಒಲೆ, ಅದೇ ತಾಪಮಾಪಕ.

1996ರಲ್ಲಿ ಲಂಕಾಸ್ಟರ್ ವಿಶ್ವವಿದ್ಯಾಲಯದ ಹಮ್ಮಿಶ್ ಮತ್ತು ಪೊಲಾಕ್ ಹಾಗೂ ಅವರೊಂದಿಗೆ ರೀಡಿಂಗ್ ಮೊದಲಾದವರು ಇಂತಹ ಕುಣಿಕೆಯಿಂದ ಸ್ಥಳೀಯ ಉಷ್ಣ ವಿಶ್ಲೇಷಣೆಯನ್ನು ನಡೆಸಿ ತೋರಿಸಿದರು. ಅದರ ಕ್ರಮ ಹೀಗಿದೆ. ಮೊದಲು ಮೊನೆಯನ್ನು ನಿಗದಿತ ತಾಪಮಾನದಲ್ಲಿಟ್ಟು ಮೇಲ್ಮೈಯನ್ನು ಸವರಲಾಗುತ್ತದೆ. ಶಾಖವನ್ನು ಬೇಗ ಎಳೆದುಕೊಳ್ಳುವ ಜಾಗದಲ್ಲಿ ಮೊನೆಯ ತಾಪವನ್ನು ಕಾಯ್ದುಕೊಳ್ಳಲು ಹೆಚ್ಚು ವಿದ್ಯುತ್ ಬೇಕಾಗುತ್ತದೆ. ಹೀಗಾಗಿ ಉಬ್ಬುತಗ್ಗಿನ ನಕ್ಷೆಯ ಜೊತೆಗೆ ಉಷ್ಣವಾಹಕತೆಯ ನಕ್ಷೆಯೂ ಮೂಡುತ್ತದೆ. ನಂತರ ನಕ್ಷೆಯ ಮೇಲೆ ಒಂದು ಬಿಂದುವನ್ನು ಆರಿಸಿ, ಮೊನೆಯನ್ನು ಅಲ್ಲಿ ಹಗುರವಾಗಿ ಒತ್ತಿ ನಿಲ್ಲಿಸಿ, ಸೆಕೆಂಡಿಗೆ ಸುಮಾರು 10 ಡಿಗ್ರಿಯ ವೇಗದಲ್ಲಿ ಕಾಯಿಸಲಾಗುತ್ತದೆ. ಬಿಸಿಗೆ ವಸ್ತು ಹಿಗ್ಗುವುದರಿಂದ ಮೊನೆ ಮೊದಲು ನಿಧಾನವಾಗಿ ಮೇಲೇರುತ್ತದೆ. ವಸ್ತು ಮೆತ್ತಗಾದ ಅಥವಾ ಕರಗಿದ ಕ್ಷಣ ಮೊನೆ ಒಳಗಿಳಿಯುತ್ತದೆ. ಏರಿಕೆ ಇಳಿಕೆಯಾಗಿ ತಿರುಗುವ ಆ ತಾಪಮಾನವೇ ಆ ಬಿಂದುವಿನ ಉತ್ತರ. ಇದರೊಂದಿಗೆ, ವಸ್ತುವನ್ನು ಮುಟ್ಟದ ಮತ್ತೊಂದು ಮೊನೆಯೊಂದಿಗೆ ಹೋಲಿಸಿ, ಶಾಖ ಹೀರಿಕೆಯ ವ್ಯತ್ಯಾಸವನ್ನೂ ದಾಖಲಿಸಬಹುದು.

ವೊಲಾಸ್ಟನ್ ಮೊನೆ ಒಮ್ಮೆಗೆ ಕೆಲವು ಮೈಕ್ರೋಮೀಟರ್ ಅಗಲದ ಜಾಗವನ್ನು ಪ್ರಶ್ನಿಸುತ್ತದೆ. ಮನುಷ್ಯನ ಕೂದಲಿನ ದಪ್ಪದಲ್ಲಿ ಇಂತಹ ಹತ್ತಾರು ಬಿಂದುಗಳು ಹಿಡಿಯುತ್ತವೆ. 2000ದ ದಶಕದ ಮಧ್ಯದ ನಂತರ ಸಿಲಿಕಾನಿನಲ್ಲೇ ಕಡೆದ, ತುದಿಯ ತ್ರಿಜ್ಯ ಸುಮಾರು 30 ನ್ಯಾನೊಮೀಟರ್ ಇರುವ ಬಿಸಿಮೊನೆಗಳು ಮಾರುಕಟ್ಟೆಗೆ ಬಂದು, ಬಿಂದುವಿನ ಅಗಲ 100 ನ್ಯಾನೊಮೀಟರಿನ ಸಮೀಪಕ್ಕೆ ಇಳಿಯಿತು. ಒಂದೇ ತಂತುಕದ ಪ್ರಮಾಣಕ್ಕೆ ಇದು ಸರಿಹೊಂದುವ ಅಳತೆ.

ಚರ್ಮಪತ್ರದ ನಿದರ್ಶನ

ಈ ತಂತ್ರ ಹುಟ್ಟಿದ್ದು ಪ್ಲಾಸ್ಟಿಕ್ ಮಿಶ್ರಣಗಳು, ಔಷಧ ಗುಳಿಗೆಗಳು, ಲೇಪನಗಳು ಇವುಗಳ ಅಗತ್ಯಕ್ಕಾಗಿ. ಅದನ್ನು ತೊಗಲಿನ ಬಳಿಗೆ ತಂದವರಲ್ಲಿ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ಮೇರಿಯಾನ್ ಓಡ್ಲಿಹಾ ಅವರ ಹೆಸರು ಮುಖ್ಯವಾದುದು. 2002ರಿಂದ 2005ರವರೆಗೆ ಯುರೋಪ್ ಒಕ್ಕೂಟದ ನೆರವಿನಿಂದ, ಕೋಪನ್‌ಹೇಗನ್‌ನ ಸಂರಕ್ಷಣಾ ಶಾಲೆಯ ಮುಂದಾಳತ್ವದಲ್ಲಿ, ಚರ್ಮಪತ್ರಗಳ ಹಾನಿಯನ್ನು ನಿರ್ಣಯಿಸುವ ಬಹುರಾಷ್ಟ್ರೀಯ ಯೋಜನೆಯೊಂದು ನಡೆಯಿತು. ಅದರ ಫಲಿತಗಳು 2007ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು. ಕುಗ್ಗುವ ತಾಪಮಾನ, ರಾಸಾಯನಿಕ ವಿಶ್ಲೇಷಣೆ, ಸೂಕ್ಷ್ಮದರ್ಶನ ಮೊದಲಾದ ಹಲವು ವಿಧಾನಗಳ ನಡುವೆ ಸೂಕ್ಷ್ಮ ಉಷ್ಣ ವಿಶ್ಲೇಷಣೆಗೂ ಅಲ್ಲಿ ಸ್ಥಾನ ದೊರೆಯಿತು. ಚರ್ಮಪತ್ರವೆಂದರೆ ಕರು, ಆಡು, ಕುರಿಗಳ ಚರ್ಮವನ್ನು ಸುಣ್ಣದ ನೀರಿನಲ್ಲಿಟ್ಟು, ಕೂದಲು ತೆಗೆದು, ಚೌಕಟ್ಟಿಗೆ ಬಿಗಿದು, ಎಳೆತದಲ್ಲೇ ಒಣಗಿಸಿದ್ದು. ಒಗರಿನಿಂದ ಹದಮಾಡಿದ್ದಲ್ಲ ಎಂಬ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು; ಇದಕ್ಕೆ ಮತ್ತೆ ಬರುತ್ತೇನೆ.

ಚರ್ಮಪತ್ರದ ಹಾನಿ ಬಿಡಿಬಿಡಿಯಾಗಿ ಹರಡಿರುತ್ತದೆ. ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ ಒಂದು ಕಡೆ ಪಟ್ಟಿಗಳುಳ್ಳ ತಂತುಕಗಳು ಸ್ವಸ್ಥವಾಗಿ ಕಂಡರೆ, ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಪಟ್ಟಿಗಳು ಅಳಿಸಿಹೋಗಿ ಜೆಲಾಟಿನ್ನಿನ ನಿರಾಕಾರ ಪದರ ಕಾಣಬಹುದು. ಕಣ್ಣಿಗೆ ಹಾಗೆ ಕಂಡದ್ದು ಉಷ್ಣಗುಣದಲ್ಲೂ ಬೇರೆಯೇ ಎಂದು ಅದೇ ಬಿಂದುವಿನಲ್ಲಿ ಕೇಳಿ ತಿಳಿಯುವ ಅವಕಾಶವನ್ನು ಬಿಸಿಮೊನೆ ಒದಗಿಸುತ್ತದೆ. ರೂಪ ಮತ್ತು ಗುಣ ಒಂದೇ ಸ್ಥಳದಲ್ಲಿ, ಒಂದೇ ಸಾಧನದಲ್ಲಿ ಕೂಡುವುದು ನನ್ನ ದೃಷ್ಟಿಯಲ್ಲಿ ಈ ವಿಧಾನದ ನಿಜವಾದ ಲಾಭ. ಬಿಂದು ಎಷ್ಟು ಕಿರಿದು ಎಂಬುದು ಅದರ ನಂತರದ ಮಾತು.

ಆದರೆ ಮೊನೆ ಹೇಳುವ ಸಂಖ್ಯೆಗಳನ್ನು ಅರ್ಥೈಸಲು ಶುದ್ಧ ವಸ್ತುಗಳ ಮೇಲಿನ ಆಧಾರ ಬೇಕಾಗಿತ್ತು. ಅದನ್ನು ಒದಗಿಸಿದ ಪ್ರಬಂಧ 2011ರಲ್ಲಿ ಲಾರೆಂಟ್ ಬೊಜೆಕ್ ಮತ್ತು ಓಡ್ಲಿಹಾ ಅವರಿಂದ ಪ್ರಕಟವಾಯಿತು. ಅವರು ಕೊಲ್ಯಾಜನ್ ತಂತುಕಗಳನ್ನೂ ಜೆಲಾಟಿನ್ನನ್ನೂ ಬಿಸಿಮೊನೆಯಿಂದ ಪರೀಕ್ಷಿಸಿದರು. ಸುಮಾರು 150 ಮತ್ತು 220 ಡಿಗ್ರಿಗಳಲ್ಲಿ ಕಂಡ ಪರಿವರ್ತನೆಗಳನ್ನು ತಂತುಕಗಳು ಜೆಲಾಟಿನ್ ಆಗುವ ಪ್ರಕ್ರಿಯೆಗೆ ಸಂಬಂಧಿಸಿದವೆಂದು ಗುರುತಿಸಿದರು. ಅದಕ್ಕೂ ಮೇಲೆ, ಸುಮಾರು 300 ಡಿಗ್ರಿಯಲ್ಲಿ ಎರಡೂ ವಸ್ತುಗಳ ವಿಘಟನೆ ಆರಂಭವಾಗುತ್ತದೆ. ಎರಡನೆಯ ಹಂತದ ವಿಘಟನೆ ಕೊಲ್ಯಾಜನ್ನಿಗೆ 340ರ ಬಳಿ, ಜೆಲಾಟಿನ್ನಿಗೆ 420ರ ಬಳಿ. ಪ್ರತಿಯೊಂದು ಸಂಖ್ಯೆಗೂ ಹತ್ತು ಡಿಗ್ರಿಯಷ್ಟು ಆಚೀಚೆಯ ಅವಕಾಶವನ್ನು ಅವರು ಇಟ್ಟುಕೊಂಡಿದ್ದಾರೆ. ಮೂಳೆಯ ಮಾದರಿಯೊಳಗಿನ ಕೊಲ್ಯಾಜನ್ನನ್ನೂ ಇದ್ದ ಸ್ಥಳದಲ್ಲೇ ಹೀಗೆ ಪರೀಕ್ಷಿಸಬಹುದೆಂದು ಅವರು ತೋರಿಸಿದರು.

ಮೊದಲ ಬಾರಿಗೆ ಇದನ್ನು ಓದಿದಾಗ ನನಗುಂಟಾದ ಗೊಂದಲವನ್ನು ಇಲ್ಲಿ ಹೇಳುವುದು ಉಚಿತ. ತೊಗಲು 60 ಡಿಗ್ರಿಯಲ್ಲಿ ಮುದುಡುವುದಾದರೆ 220 ಎಲ್ಲಿಂದ ಬಂತು? ಉತ್ತರ ನೀರಿನಲ್ಲಿದೆ. ನೆನೆದ ತೊಗಲಿನಲ್ಲಿ ನೀರು ಹುರಿಗಳ ನಡುವೆ ಸೇರಿ ಅವು ಬಿಚ್ಚಿಕೊಳ್ಳಲು ಅವಕಾಶ ಕಲ್ಪಿಸುತ್ತದೆ. ಒಣಗಿದ ತೊಗಲಿನಲ್ಲಿ ಸರಪಳಿಗಳು ಒತ್ತಾಗಿ ಬಿಗಿದುಕೊಂಡಿದ್ದು, ಸಡಿಲಗೊಳ್ಳಲು ಬಹಳ ಹೆಚ್ಚು ತಾಪ ಬೇಕು. ಜೊತೆಗೆ, ನಿಮಿಷಕ್ಕೆ 2 ಡಿಗ್ರಿಯಂತೆ ಕಾಯಿಸುವುದಕ್ಕೂ ಸೆಕೆಂಡಿಗೆ 10 ಡಿಗ್ರಿಯಂತೆ ಕಾಯಿಸುವುದಕ್ಕೂ ಮುನ್ನೂರು ಪಟ್ಟು ಅಂತರವಿದೆ. ಹುರಿ ಬಿಚ್ಚಿಕೊಳ್ಳಲು ಸಮಯ ಬೇಕಾದ್ದರಿಂದ ವೇಗವಾಗಿ ಕಾಯಿಸಿದಾಗ ಪರಿವರ್ತನೆ ಮೇಲಿನ ತಾಪಮಾನದಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಎರಡು ವಿಧಾನಗಳ ಸಂಖ್ಯೆಗಳನ್ನು ಒಂದೇ ಕೋಷ್ಟಕದಲ್ಲಿಟ್ಟು ಹೋಲಿಸುವುದು ತಪ್ಪು. ಬಿಸಿಮೊನೆಯ ಫಲಿತವನ್ನು ಬಿಸಿಮೊನೆಯದರೊಂದಿಗೇ, ಒಂದೇ ವೇಗದಲ್ಲಿ, ಒಂದೇ ತೇವಾಂಶದಲ್ಲಿ ಹೋಲಿಸಬೇಕು.

ಮೊನೆಯ ಮಾತನ್ನು ಎಷ್ಟು ನಂಬಬೇಕು

ಕ್ಷೇತ್ರಕಾರ್ಯದಲ್ಲಿ ವಕ್ತೃವಿನ ಮಾತನ್ನು ಸಂದರ್ಭದಿಂದ ಬಿಡಿಸಿ ದಾಖಲಿಸಬಾರದು ಎಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಮೊನೆಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಮೊನೆಯಿಂದ ವಸ್ತುವಿಗೆ ಶಾಖ ಹರಿಯುವುದು ನೇರ ಸ್ಪರ್ಶದಿಂದ ಮಾತ್ರವಲ್ಲ. ಸುತ್ತಲಿನ ಗಾಳಿಯ ಮೂಲಕ, ಮತ್ತು ಗಾಳಿಯ ತೇವದಿಂದ ಮೊನೆಯ ಸುತ್ತ ಕಟ್ಟಿಕೊಳ್ಳುವ ನೀರಿನ ಸಣ್ಣ ಸೇತುವೆಯ ಮೂಲಕವೂ ಹರಿಯುತ್ತದೆ. ಮೊನೆ ತಗ್ಗಿಗೆ ಇಳಿದಾಗ ಸ್ಪರ್ಶದ ವಿಸ್ತಾರ ಹೆಚ್ಚಿ ಶಾಖ ಹೆಚ್ಚು ಸೋರುತ್ತದೆ. ಉಬ್ಬಿನ ಮೇಲೆ ಕಡಿಮೆ. ಇದನ್ನು ಅರಿಯದವರು ಉಬ್ಬುತಗ್ಗನ್ನೇ ವಾಹಕತೆಯ ವ್ಯತ್ಯಾಸವೆಂದು ಓದಿಬಿಡುವ ಅಪಾಯವಿದೆ. ತೊಗಲಿನಂತಹ ಒರಟು ಮೇಲ್ಮೈಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಕರಗುವ ತಾಪ ಗೊತ್ತಿರುವ ಪಾಲಿಕ್ಯಾಪ್ರೊಲ್ಯಾಕ್ಟೋನ್, ಪಾಲಿಥೀನ್, ಪಾಲಿಯೆಸ್ಟರ್ ಹಾಳೆಗಳ ಮೇಲೆ ಮೊನೆಯನ್ನು ಮೊದಲೇ ಅಳತೆಗೆ ಹೊಂದಿಸಿಕೊಳ್ಳುವ ರೂಢಿಯಿದೆ.

ವಸ್ತುವಿಗೆ ಹಾನಿಯಿಲ್ಲದ ವಿಧಾನ ಎಂದು ಇದನ್ನು ಬಣ್ಣಿಸುವುದುಂಟು. ಈ ಮಾತನ್ನು ಪೂರ್ತಿ ಒಪ್ಪಲು ನನಗೆ ಸಾಧ್ಯವಾಗಿಲ್ಲ. ಮೊನೆ ಇಳಿದ ಜಾಗದಲ್ಲಿ ಕುಳಿ ಉಳಿಯುತ್ತದೆ, ಅದರ ಸುತ್ತ ಬೆಂದ ಅಂಚು ಉಳಿಯುತ್ತದೆ. ಕೆಲವು ಮೈಕ್ರೋಮೀಟರಿನ ಆ ಕುಳಿ ಬರಿಗಣ್ಣಿಗೆ ಕಾಣದು. ಮಿಲಿಗ್ರಾಂಗಟ್ಟಲೆ ಕತ್ತರಿಸುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಆದರೂ ಕಾಣದ ಗಾಯವನ್ನು ಗಾಯವಲ್ಲ ಎನ್ನುವ ಬದಲು, ಅತ್ಯಲ್ಪ ಹಾನಿ ಎಂದೇ ದಾಖಲೆಯಲ್ಲಿ ಬರೆಯುವುದು ಪ್ರಾಮಾಣಿಕವಾದೀತು.

ತೊಗಲುಗೊಂಬೆಯ ಎದುರು

ಗೊಂಬೆಯ ತೊಗಲು ಚರ್ಮಪತ್ರದ ಹತ್ತಿರದ ಬಂಧು. ಆಡಿನ ಚರ್ಮವನ್ನು, ಹಿಂದೆ ಜಿಂಕೆಯ ಚರ್ಮವನ್ನೂ, ಕೂದಲು ತೆಗೆದು, ಹೆರೆದು, ಎಳೆದು ಒಣಗಿಸಿ ಬೆಳಕು ಹಾಯುವಂತೆ ಮಾಡುತ್ತಾರೆ. ಒಗರಿನಿಂದ ಹದಮಾಡಿದರೆ ಪಾರದರ್ಶಕತೆ ಹೋಗಿಬಿಡುತ್ತದೆ. ಆದ್ದರಿಂದ ಚರ್ಮಪತ್ರದ ಬಗೆಗಿನ ತಿಳಿವಳಿಕೆಯನ್ನು ಇಲ್ಲಿಗೆ ತರಲು ಆಧಾರವಿದೆ.

ಆದರೆ ಈ ಬಂಧುಗಳ ಬಾಳುವೆ ಬೇರೆಬೇರೆ. ಚರ್ಮಪತ್ರ ಬೆಂಕಿಯಿಂದ ದೂರವಿರಲೆಂದು ಮಾಡಿದ ವಸ್ತು. ಗೊಂಬೆ ದೀಪದ ಎದುರಿಗೆ ನಿಲ್ಲಲೆಂದೇ ಹುಟ್ಟಿದ್ದು. ಹರಳೆಣ್ಣೆಯ ಹಣತೆ, ಆಮೇಲೆ ಪೆಟ್ರೋಮ್ಯಾಕ್ಸ್, ಆಮೇಲೆ ವಿದ್ಯುತ್ ಬಲ್ಬು ಹೀಗೆ ಪರದೆಯ ಹಿಂದಿನ ಬೆಳಕು ಬದಲಾಗುತ್ತ ಬಂದಿದೆ. ದೀಪದ ಶಾಖ ಒಂದೇ ರಾತ್ರಿಯಲ್ಲಿ ಒಣ ತೊಗಲಿನ ಹುರಿಯನ್ನು ಬಿಚ್ಚುವಷ್ಟು ತೀವ್ರವಲ್ಲ. ಶಾಖ, ಬೆಳಕು, ತೇವ, ಹೊಗೆ ಒಟ್ಟಾಗಿ ದಶಕಗಟ್ಟಲೆ ಕೆಲಸ ಮಾಡಿ ಸರಪಳಿಗಳನ್ನು ಅಲ್ಲಲ್ಲಿ ಕಡಿಯುತ್ತವೆ. ದೀಪಕ್ಕೆ ಹತ್ತಿರವಾದ ಭಾಗ, ಮತ್ತೆಮತ್ತೆ ಮಡಿಸಿದ ಸಂದು, ರಂಧ್ರ ಕೊರೆದ ಆಭರಣದ ಅಂಚು, ಕಪ್ಪುಬಣ್ಣ ದಟ್ಟವಾಗಿ ಶಾಖವನ್ನು ಹೆಚ್ಚು ಹೀರುವ ಜಾಗ ಇವೆಲ್ಲ ಒಂದೇ ಬಗೆಯಲ್ಲಿ ಹಳತಾಗಿರಲಾರವು. ಒಂದೊಂದು ಗೊಂಬೆಯ ಮೈಯಲ್ಲೂ ಅದರ ಆಟದ ಚರಿತ್ರೆಯು ತಾಪದ ರೂಪದಲ್ಲಿ ಅಸಮವಾಗಿ ದಾಖಲಾಗಿದೆ ಎಂಬುದು ನನ್ನ ಊಹೆ. ಸರಾಸರಿಯನ್ನು ಮಾತ್ರ ಕೊಡುವ ವಿಧಾನಕ್ಕೆ ಈ ಊಹೆಯನ್ನು ಪರೀಕ್ಷಿಸುವ ಶಕ್ತಿಯಿಲ್ಲ.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಮೊನೆಯ ಶಾಖ ಮೇಲಿನ ಕೆಲವೇ ಮೈಕ್ರೋಮೀಟರ್ ಆಳಕ್ಕೆ ತಲುಪುವುದರಿಂದ, ಹಳೆಯ ಗೊಂಬೆಯಲ್ಲಿ ಅದು ಮೊದಲು ಭೇಟಿಯಾಗುವುದು ತೊಗಲನ್ನಲ್ಲ. ಎಣ್ಣೆಯ ಜಿಡ್ಡು, ಮಸಿ ಹಾಗೂ ಬಣ್ಣದ ಪದರಗಳನ್ನು. ಮಸಿಯ ಪದರ ಮೆತ್ತಗಾದದ್ದನ್ನೇ ಕೊಲ್ಯಾಜನ್ನಿನ ಪರಿವರ್ತನೆ ಎಂದು ಓದಿದರೆ ಅಧ್ಯಯನ ದಾರಿತಪ್ಪಿದಂತೆ. ಮಸಿಯನ್ನು ತೊಳೆಯೋಣವೆಂದರೆ ನಾವು ಓದಬೇಕೆಂದಿರುವ ದಾಖಲೆಯ ಒಂದು ಪುಟವನ್ನೇ ತೊಳೆದಂತೆ. ಎರಡನೆಯದು ಇನ್ನೂ ಲೌಕಿಕವಾದ ತೊಡಕು. ಸಾಮಾನ್ಯ ಶೋಧಕ ಸೂಕ್ಷ್ಮದರ್ಶಕದ ಪೀಠದ ಮೇಲೆ ಕೆಲವು ಸೆಂಟಿಮೀಟರಿನ ವಸ್ತುವಿಗಷ್ಟೇ ಜಾಗ. ಮೂರು ನಾಲ್ಕು ಅಡಿಯ ರಾವಣನನ್ನು ಅದರಡಿಯಲ್ಲಿ ಮಲಗಿಸಲಾಗದು. ಕತ್ತರಿಸಬೇಕಿಲ್ಲದ ವಿಧಾನವೆಂದು ಹೊರಟವನು ಕೊನೆಗೆ ತುಣುಕನ್ನೇ ಕೇಳಬೇಕಾಯಿತು. ತುಣುಕಿನ ಗಾತ್ರ ಮಾತ್ರ ಈಗ ಬೇರೆ: ಒಂದು ಎಳೆ ಸಾಕು, ತಾನಾಗಿ ಉದುರಿದ ಒಂದು ಪುಡಿಚೂರು ಸಾಕು.

ಉದುರಿದ ಚೂರು ಯಾವಾಗಲೂ ಅತ್ಯಂತ ದುರ್ಬಲವಾದ ಜಾಗದಿಂದಲೇ ಬಂದಿರುತ್ತದೆ. ಅದು ಗೊಂಬೆಯ ಒಟ್ಟು ಸ್ಥಿತಿಯ ಪ್ರತಿನಿಧಿಯಾಗಲಾರದು. ಆದರೆ ಒಂದು ಚೂರಿನ ಮೇಲೆ ಹತ್ತಾರು ಬಿಂದುಗಳನ್ನು ಪ್ರಶ್ನಿಸಬಹುದಾದ್ದರಿಂದ, ಮುರಿದ ಅಂಚಿನಿಂದ ಒಳಮುಖವಾಗಿ ಸಾಗುತ್ತ ಹಾನಿ ಎಲ್ಲಿ ಕಡಿಮೆಯಾಗುತ್ತದೆ ಎಂದು ತಿಳಿಯುವ ಸಾಧ್ಯತೆಯಿದೆ. ಅದೇ ಊರಿನಲ್ಲಿ ಇಂದು ತಯಾರಿಸಿದ, ದೀಪ ಕಾಣದ ಆಡಿನ ತೊಗಲನ್ನು ಹೋಲಿಕೆಗೆ ಇಟ್ಟುಕೊಳ್ಳದೆ ಇಂತಹ ಯಾವ ಅಳತೆಗೂ ಅರ್ಥವಿರುವುದಿಲ್ಲ. ಚರ್ಮದ ಗುಣದ ಬಗೆಗೆ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ ದಶಕಗಳ ಅನುಭವವಿದೆ. ಪರಮಾಣು ಬಲ ಸೂಕ್ಷ್ಮದರ್ಶಕಗಳು ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಲ್ಲಿವೆ. ಜಾನಪದ ವಿದ್ವಾಂಸರು ಇವರ ಬಳಿಗೆ ಹೋಗುವಾಗ, ಯಾವ ಗೊಂಬೆ, ಮೈಯ ಯಾವ ಭಾಗ, ಯಾವ ದೀಪದ ಕಾಲದ್ದು, ಎಷ್ಟು ತಲೆಮಾರು ಆಡಿದ್ದು ಎಂಬ ಮಾಹಿತಿಯನ್ನು ಕೊಂಡೊಯ್ಯಬೇಕು. ಮೊನೆಗೆ ಸಿಗದ ಮಾಹಿತಿ ಅದೊಂದೇ.

ಈ ಎಲ್ಲವನ್ನೂ ಓದಿಕೊಂಡು ಮತ್ತೊಮ್ಮೆ ಆ ಕುಟುಂಬದ ಬಳಿಗೆ ಹೋದೆ. ಹಿರಿಯರು ಪೆಟ್ಟಿಗೆಯಿಂದ ಗೊಂಬೆಗಳನ್ನು ಒಂದೊಂದಾಗಿ ತೆಗೆದಿಟ್ಟು, ತಳದಲ್ಲಿ ಹಾಸಿದ್ದ ಹಳೆಯ ಬಟ್ಟೆಯನ್ನು ಕೊಡವಲು ಅನುಮತಿಸಿದರು. ಉದುರಿದ್ದನ್ನು ಕೊಡಲು ಅವರಿಗೆ ಅಭ್ಯಂತರವಿರಲಿಲ್ಲ. ಕಿರೀಟದ ಅಂಚಿನದೆಂದು ಬಣ್ಣದಿಂದ ಗುರುತಿಸಬಹುದಾದ ನಾಲ್ಕು ಚೂರುಗಳು, ಯಾವ ಭಾಗದ್ದೆಂದು ಹೇಳಲಾಗದ ಹನ್ನೊಂದು ಚೂರುಗಳು ದೊರೆತವು. ಅವರ ಮೊಮ್ಮಗ ಆ ವರ್ಷ ಹೊಸ ಗೊಂಬೆಗಾಗಿ ಹೆರೆದಿಟ್ಟಿದ್ದ ತೊಗಲಿನ ಅಂಚಿನಿಂದ ಬೆರಳಗಲದ ಪಟ್ಟಿಯನ್ನೂ ಕೊಟ್ಟ. ಹದಿನಾರು ಪೊಟ್ಟಣಗಳ ಮೇಲೂ ದಿನಾಂಕ ಬರೆದು, ಗಾಳಿಯಾಡುವ ಕಾಗದದ ಪೆಟ್ಟಿಗೆಯಲ್ಲಿ ಇರಿಸಿದ್ದೇನೆ. ಅವುಗಳ ಮೇಲಿನ ಅಳತೆಗಳು ಇನ್ನೂ ಆಗಬೇಕಾಗಿವೆ.